ಹಸಿರು ಶೀಟಿನ ಕೋಣೆ

ಬಟ್ಟೆ ಅಂಗಡಿಯ ಮೇಡಂ ಡಬ್ಬಿಯಿಂದ ಒಂದು ಮಣ್ಣಿನ ಕಿವಿಯೋಲೆ ಎತ್ತಿ, ಮೇಜಿನ ಮೇಲೆ ಹರಡಿದ್ದ ನಿಲುವಂಗಿಯ ಮೇಲಿಟ್ಟರು. ಇನ್ನೊಂದು ಎತ್ತಿ ಅದನ್ನೂ ಇಟ್ಟರು. ಅವನ್ನು ಮಾಡಿ ತಂದಿದ್ದ ಮಣಿಯಕ್ಕ ನಗುಮುಖದಲ್ಲೇ ಕಾದಿದ್ದಳು. ಹೊಗಳುವ ಮೊದಲು ಹೀಗೆ ಸ್ವಲ್ಪ ಹೊತ್ತು ಸತಾಯಿಸುವುದು ಮೇಡಂ ಅಭ್ಯಾಸ. ಆದರೆ ಈ ಸಲ ಅವರು ನಿಲುವಂಗಿಯನ್ನೂ ಓಲೆಯನ್ನೂ ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ಹೋದರು, ಬಿಸಿಲಿಗೆ ಹಿಡಿದರು, "ಇಲ್ಲಿ ಬನ್ನಿ" ಎಂದು ಕರೆದರು.

ಅವಳು ಹೋಗಿ ನೋಡಿದಳು. ನಿಲುವಂಗಿ ಕಳಿತ ನೇರಳೆ ಹಣ್ಣಿನ ಬಣ್ಣದ್ದು. ಓಲೆ ಇಟ್ಟಿಗೆ ಬಣ್ಣದ್ದು. ಹತ್ತಿರದ ಬಣ್ಣವಾಗಿದ್ದರೆ ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಇವೆರಡಕ್ಕೂ ದೂರದ ನೆಂಟಸ್ತಿಕೆಯೂ ಇರಲಿಲ್ಲ. ಡಬ್ಬಿಯಲ್ಲಿದ್ದ ಸರ, ಬಳೆ, ಓಲೆ ಎಲ್ಲದರದೂ ಅದೇ ಕಥೆ. ತನ್ನ ಕೈಯಾರೆ ಮಾಡಿದ್ದನ್ನು ಅವಳು ಬೇರೆ ಯಾರದೋ ಸಾಮಾನಿನ ಹಾಗೆ ನೋಡುತ್ತ ನಿಂತಳು.

ಮೇಡಂ ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ಈ ನಿಲುವಂಗಿ ತೊಟ್ಟು ಹಾಡುವ ಹುಡುಗಿಯರ ತಂಡ ಮರುದಿನವೇ ವೇದಿಕೆ ಹತ್ತಬೇಕು, ಬೇರೆ ಎಲ್ಲಾದರೂ ಸಿದ್ಧ ಸಾಮಾನು ಕೊಂಡು ಹೇಗೋ ನಿಭಾಯಿಸುತ್ತೇನೆ ಎಂದರು. ಇದೊಂದು ಚೆನ್ನಾಗಿ ಆಗಿದ್ದರೆ ಅಂಗಡಿಯ ಆಭರಣದ ಕೆಲಸವನ್ನೆಲ್ಲ ಅವಳಿಗೇ ಬಿಟ್ಟುಕೊಡುವ ಮಾತಾಗಿತ್ತು. ಆ ಮಾತನ್ನು ಅವರು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಬಣ್ಣಕ್ಕೆಂದು ಕೊಟ್ಟಿದ್ದ ತುಂಡು ಬಟ್ಟೆಯನ್ನೂ ಅದರ ಮೇಲೆ ಮಡಿಸಿಟ್ಟು, ಅವಳ ಕೈಗೆ ಕೊಡುತ್ತ ಮೆಲ್ಲಗೆ ಹೇಳಿದರು: "ಮೊದ್ಲು ಕಣ್ಣು ತೋರಿಸ್ಕೊಳ್ಳಿ ಅಕ್ಕ. ಇದನ್ನ ನೀವೇ ಮಾಡಿದ್ದು ಅಂದ್ರೆ ಯಾರೂ ನಂಬಲ್ಲ."

ಮಣ್ಣಿನ ಆಭರಣ ಮಾಡುವವರು ಬೇಕಾದಷ್ಟು ಜನ. ಮಣ್ಣು ನಾದುವುದು, ಮಣಿ ಉರುಳಿಸುವುದು, ನೆರಳಲ್ಲಿ ಒಣಗಿಸಿ ಸುಡುವುದು ಇವನ್ನೆಲ್ಲ ಕೈ ಇದ್ದವರು ಯಾರೂ ಕಲಿಯಬಹುದು. ಮಣಿಯಕ್ಕನ ಹೆಚ್ಚುಗಾರಿಕೆ ಇದ್ದದ್ದು ಕಣ್ಣಿನಲ್ಲಿ. ಒಂದು ಚೂರು ಬಟ್ಟೆ ತಂದು ಕೊಟ್ಟರೆ ಸಾಕು, ಅದರ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಬಣ್ಣಕ್ಕೆ ಬಣ್ಣ ಕೂಡಿಸುತ್ತ, ಬಟ್ಟೆ ಯಾವುದು ಬಣ್ಣ ಯಾವುದು ತಿಳಿಯದಷ್ಟು ಒಂದು ಮಾಡಿಬಿಡುತ್ತಿದ್ದಳು. ಅಡುಗೆಮನೆಯ ಹಿಂದಿನ ಕಿಟಕಿಯ ಬಳಿ ಕೂತು ಕಲಸುವುದು, ಹಿತ್ತಲಿಗೆ ಇಳಿದು ಬಿಸಿಲಲ್ಲಿ ಒಮ್ಮೆ ನೋಡುವುದು, ಮತ್ತೆ ಬಂದು ಕಲಸುವುದು. ಮದುವೆಯಾಗಿ ಬಂದಾಗಿನಿಂದ ಅದೇ ಕಿಟಕಿ, ಅದೇ ಹಿತ್ತಲು. ಕಣ್ಣೇ ಹೋಯಿತೆಂದರೆ ಅವಳ ಹತ್ತಿರ ಉಳಿಯುವುದು ಬರೀ ಮಣ್ಣು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅಂಗಡಿಗಳ ಬೋರ್ಡುಗಳನ್ನೂ ಜನರ ಅಂಗಿಗಳನ್ನೂ ನೋಡುತ್ತ, ಇದು ಕೆಂಪು, ಇದು ನೀಲಿ ಎಂದು ಒಂದನೇ ಕ್ಲಾಸಿನ ಮಗುವಿನ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡಳು. ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಅದರಿಂದ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇದ್ದ ಮನೆಯನ್ನು ಒಡೆದು, ಅದರೊಳಗೇ ಸಂಸಾರ ಮಾಡಿಕೊಂಡು, ರಿಪೇರಿ ಮಾಡಿ ನೋಡು ಎಂದು ಮಾತ್ರ ಹೇಳಲಿಲ್ಲ. ಅದನ್ನು ಮಾಡಿದವರಿಗೆ ಗಾದೆ ಕಟ್ಟುವಷ್ಟು ಉಸಿರು ಉಳಿದಿರಲಿಕ್ಕಿಲ್ಲ. ಅತ್ತೆಯ ಮೊಣಕಾಲು ಹಿಡಿದುಕೊಂಡದ್ದೇ ಎಲ್ಲಕ್ಕೂ ಮೊದಲು. ಬಚ್ಚಲುಮನೆ ಹಿತ್ತಲಿನಲ್ಲಿತ್ತು, ಅದನ್ನು ಒಳಗೆ ತರಬೇಕು, ತರಲು ಜಾಗ ಇದ್ದದ್ದು ಅಡುಗೆಮನೆಗೆ ಅಂಟಿಕೊಂಡು ಮಾತ್ರ. ಹಿಂದಿನ ಕಿಟಕಿ ಮುಚ್ಚಿತು. ನಿಮ್ಮ ಮೊಣಕಾಲು ಹೆಚ್ಚೋ ನನ್ನ ಕಿಟಕಿ ಹೆಚ್ಚೋ ಎಂದು ಯಾವ ಸೊಸೆಗೆ ಕೇಳಲು ಬಾಯಿ ಬರುತ್ತದೆ? ಮಣಿಯಕ್ಕನ ಮೇಜು ನಡುಮನೆಗೆ ಹೋಯಿತು, ಅಲ್ಲಿ ನೆಲ ಅಗೆದರು. ಮಲಗುವ ಕೋಣೆಗೆ ಹೋಯಿತು, ಅಲ್ಲಿ ಗೋಡೆ ಕೆರೆದರು. ಒಣಗದ ಬಣ್ಣದ ಮೇಲೆ ಸಿಮೆಂಟಿನ ಧೂಳು ಕೂತರೆ ಸರ ಹಾಕಿಕೊಂಡವರ ಕುತ್ತಿಗೆ ಗೀರುತ್ತದೆ. ಬೆಳಿಗ್ಗೆ ಗಂಡನಿಗೆ ಟೈಲ್ಸ್ ಎತ್ತಿಕೊಡುವುದು, ಮಧ್ಯಾಹ್ನ ಅದೇ ಕೈ ತೊಳೆದು ಮಣಿ ಹಿಡಿಯುವುದು; ಮೇಸ್ತ್ರಿ ಕರೆದಾಗ ಬಣ್ಣ ಒಣಗುವುದು, ಬಣ್ಣ ಕರೆದಾಗ ಮೇಸ್ತ್ರಿ ಮುನಿಯುವುದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ ದಿನಗಳು ಸಾಗಿದ್ದವು.

ಗಂಡ ಬಸ್ ಡಿಪೋದಲ್ಲಿ ಉಗ್ರಾಣದ ಕೆಲಸದವನು. ಬೀದಿಯವರು ಅವನಿಗೆ ಇಟ್ಟ ಹೆಸರು ಮುಕ್ಕಾಲು. ಹಿಡಿದ ಕೆಲಸವನ್ನು ಮುಕ್ಕಾಲು ಪಾಲು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದು ಅವನ ಜಾತಕದಲ್ಲೇ ಬರೆದಿತ್ತು. ಚಿಲಕವಿಲ್ಲದ ಬೀರು, ಮೂರು ಕಾಲಿಗೆ ಮಾತ್ರ ಬಣ್ಣ ಕಂಡ ಕುರ್ಚಿ, ಇವೆಲ್ಲ ಅವನ ಕೈಗುಣ. "ಚಿಕ್ಕೋನಿದ್ದಾಗ ನಮ್ಮನೆ ಗಡಿಯಾರ ಬಿಚ್ಚಿದ್ದ ಕಣೇ, ಇನ್ನೂ ಜೋಡಿಸ್ತಾನೇ ಇದ್ದಾನೆ" ಎಂದು ಅತ್ತೆ ನಗುತ್ತಿದ್ದರು. ಅಂಥವನು ಪೂರ್ತಿ ಮುಗಿಸಿದ ಕೆಲಸ ಒಂದೇ ಒಂದು: ಮಾಳಿಗೆಯ ಮೇಲೆ ಹೆಂಡತಿಗೆಂದು ಕಟ್ಟಿದ ಕೋಣೆ.

ರಜೆಯ ದಿನಗಳಲ್ಲೆಲ್ಲ ಒಬ್ಬನೇ ಇಟ್ಟಿಗೆ ಹೊತ್ತು ಕಟ್ಟಿದ್ದ. ಡಿಪೋದ ಹಳೆಯ ಶೆಡ್ಡು ಕಳಚಿದಾಗ ಕೇಳಿಕೊಂಡು ತಂದ ಫೈಬರ್ ಶೀಟುಗಳನ್ನು ಕೋಣೆಯ ಅರ್ಧ ಮಾಡಿಗೆ ಹೊದಿಸಿದ, ಇನ್ನರ್ಧಕ್ಕೆ ತಗಡು. ಶೀಟು ಎಲೆಹಸಿರು ಬಣ್ಣದ್ದು, ಬೆಳಕು ಹಾಯುವಂಥದ್ದು. ಮೇಜು, ಮಣಿಗಳಿಗೆ ಸಣ್ಣ ಸಣ್ಣ ಗೂಡುಗಳು, ಬಾಗಿಲಿಗೆ ಚಿಲಕ ಕೂಡ. "ಹಗಲು ಹೊತ್ತು ಲೈಟೇ ಬೇಡ ನೋಡು" ಎಂದು ಅವನು ತಲೆಯೆತ್ತಿ ತೋರಿಸಿದಾಗ ಅವಳಿಗೆ ಕಣ್ಣು ತುಂಬಿತ್ತು. ತವರಿನಲ್ಲಿ ಅಕ್ಕತಂಗಿಯರ ನಡುವೆ, ಇಲ್ಲಿ ಒಲೆಯ ಪಕ್ಕದಲ್ಲಿ ಬದುಕಿದವಳು ಅವಳು. ಅವಳದು ಎಂದು ಯಾರೂ ಈವರೆಗೆ ಒಂದು ಮೂಲೆಯನ್ನೂ ಬಿಟ್ಟುಕೊಟ್ಟಿರಲಿಲ್ಲ.

ಹಾಡುವ ಹುಡುಗಿಯರ ಆಭರಣಗಳನ್ನು ಅವಳು ಮಾಡಿದ್ದು ಆ ಕೋಣೆಯಲ್ಲಿ. ಹಿತ್ತಲಿನಲ್ಲಿ ಮರಳಿನ ರಾಶಿ. ಮಾಳಿಗೆಗೆ ಸೋರದ ಹಾಗೆ ಹೊಸ ಗಾರೆ ಎಳೆದು ನೀರು ಕಟ್ಟಿದ್ದರು. ಕಾಲಿಡಬೇಡಿ ಎಂದು ಮೇಸ್ತ್ರಿ ಹಾಕಿಕೊಟ್ಟ ಹಲಗೆಯ ಮೇಲೆ ಸರ್ಕಸ್ಸಿನವಳ ಹಾಗೆ ಬೆಳಿಗ್ಗೆ ಒಳಗೆ ಹೋದರೆ ಕತ್ತಲಾದ ಮೇಲೆ ಹೊರಗೆ. ಹೊರಗೆ ತಂದು ನೋಡುವ ಹಳೆಯ ಅಭ್ಯಾಸ ಹೀಗೆ ತಪ್ಪಿತು. ತಪ್ಪಿದ್ದು ಅವಳಿಗೆ ನೆನಪೂ ಆಗಲಿಲ್ಲ, ಬಟ್ಟೆ ಮತ್ತು ಬಣ್ಣ ಅಲ್ಲಿ ಅಷ್ಟು ಚೆನ್ನಾಗಿ ಒಂದಾಗಿದ್ದವು.

ಅಂಗಡಿಯ ಸುದ್ದಿ ಕೇಳಿ ಗಂಡ ಒಂದು ಮಾತೂ ಒರಟಾಗಿ ಆಡಲಿಲ್ಲ. ಮರುದಿನವೇ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಓದಿಸಿದರು. ಅವಳು ಒಂದನ್ನೂ ಬಿಡದೆ ಓದಿದಳು. "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆಯಮ್ಮ" ಎಂದು ಅವರು ನಕ್ಕರೂ ಗಂಡನಿಗೆ ಸಮಾಧಾನವಾಗಲಿಲ್ಲ. ಇವರಿಗೇನು ಗೊತ್ತು, ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದ. ಕಂಡಕಂಡವರಿಗೆಲ್ಲ ಹೇಳಿಕೊಂಡು ಕೊರಗಿದ: ಪಾಪ, ಇಷ್ಟು ವರ್ಷ ಆ ಅಡುಗೆಮನೆ ಕತ್ತಲೆಯಲ್ಲಿ ಕೂತು ಕೂತು ಅವಳ ಕಣ್ಣು ಮಂಜಾಗಿದೆ, ನಾನು ಆ ಕೋಣೆ ಇನ್ನೂ ಮೊದಲೇ ಕಟ್ಟಬೇಕಿತ್ತು. ಪ್ರೀತಿಯಿಂದ ಹೇಳಿದ ಮಾತು ಬೈಗುಳಕ್ಕಿಂತ ಬೇಗ ಊರು ಸುತ್ತಿತು. ಪಕ್ಕದ ಬೀದಿಯ ಟೀಚರು ಬಂದು, ಅವಸರವೇನಿಲ್ಲ ಅಕ್ಕ, ಆಮೇಲೆ ಕೊಡ್ತೀನಿ ಎಂದು ತಾವು ಕೊಟ್ಟಿದ್ದ ಬಟ್ಟೆಯನ್ನು ವಾಪಸ್ಸು ತೆಗೆದುಕೊಂಡು ಹೋದರು. ಅವರ ಹಿಂದೆಯೇ ಇನ್ನಿಬ್ಬರು.

ಅವಳಿಗೆ ನಿಜ ತಿಳಿದದ್ದು ಆ ವಾರದಲ್ಲೇ, ಅದೂ ಆಕಸ್ಮಿಕವಾಗಿ. ವಾಪಸ್ಸು ಬಂದ ಡಬ್ಬಿಯನ್ನು ಗೂಡಿನಲ್ಲಿಡಲು ಮೇಲೆ ಹೋದವಳು, ಗಾಯ ಕೆರೆದುಕೊಳ್ಳುವ ಹಾಗೆ ಒಮ್ಮೆ ತೆರೆದು ನೋಡಿದಳು. ಓಲೆಯೂ ತುಂಡು ಬಟ್ಟೆಯೂ ಒಂದೇ ಬಣ್ಣ. ಕಣ್ಣುಜ್ಜಿಕೊಂಡಳು. ಒಂದೇ. ಎರಡನ್ನೂ ಹಿಡಿದು ಬಾಗಿಲಾಚೆ ಹಲಗೆಯ ಮೇಲೆ ನಿಂತಳು: ಒಂದು ನೇರಳೆ, ಒಂದು ಇಟ್ಟಿಗೆ. ಒಳಗೆ ಬಂದಳು: ಒಂದೇ. ಹೊರಗೆ ಹೋದಳು: ಬೇರೆ. ತಲೆಯೆತ್ತಿ ಶೀಟು ನೋಡಿದಳು. ಅದು ಬಿಸಿಲನ್ನೆಲ್ಲ ಸೋಸಿ, ತನ್ನ ಹಸಿರನ್ನು ಬೆರೆಸಿ, ಮೇಜಿನ ಮೇಲೆ ಸುರಿಯುತ್ತಿತ್ತು. ಆ ಬೆಳಕಿನಲ್ಲಿ ನೇರಳೆಯೂ ಇಟ್ಟಿಗೆಯೂ ಒಂದೇ ತಾಯಿಯ ಮಕ್ಕಳು.

ಕಣ್ಣು ಸರಿಯಾಗಿದೆ ಎಂದು ತಿಳಿದ ಸಂತೋಷ ಒಂದು ಕ್ಷಣ ಇತ್ತು. ಆಮೇಲೆ ಅವಳು ಮೇಜಿನ ಮುಂದೆ ಕೂತಳು. ಈ ಕೋಣೆಗೆ ಇಟ್ಟಿಗೆ ಹೊತ್ತು ಗಾಯವಾದ ಗಂಡನ ಬೆರಳುಗಳಿಗೆ ಇನ್ನೂ ಸುತ್ತಿದ್ದ ಪಟ್ಟಿ ಕಣ್ಣ ಮುಂದೆ ಬಂತು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕಣ್ಣು ಹೋಯಿತು ಎಂದು ಒಪ್ಪಿಕೊಂಡರೆ ಅವಳ ಕಸುಬು ಮುಗಿಯಿತು. ಕಣ್ಣು ಚೆನ್ನಾಗಿದೆ ಎಂದರೆ ಅವನ ಕೋಣೆ ಮುಗಿಯಿತು, ಬೀದಿಯವರ ಬಾಯಲ್ಲಿ ಅವನು ಸಾಯುವವರೆಗೂ ಮುಕ್ಕಾಲು. ಬಣ್ಣ ಕಲಸುವುದನ್ನು ಬಿಸಿಲಿಗೇ ಒಯ್ದು ಕದ್ದು ಮಾಡಬಹುದು ಎಂದುಕೊಂಡಳು. ಆದರೆ ಕಲಸಲು ಬಟ್ಟೆ ಕೊಡುವವರು ಬೇಕಲ್ಲ, ಅವರು ಒಬ್ಬೊಬ್ಬರೇ ಕರಗುತ್ತಿದ್ದರು.

ಆ ಸಂಜೆ ಕಾಫಿ ಕೊಡುತ್ತ ಮೆಲ್ಲಗೆ ಶುರು ಮಾಡಿದಳು. "ರೀ, ಮೇಲಿನ ಶೀಟು..."

ಅವನ ಮುಖ ಕಂದಿತು. "ಯಾಕೆ, ಸೋರ್ತಾ?"

"ಇಲ್ಲ, ಸೋರಲ್ಲ."

"ಮತ್ತೆ? ಸೆಕೆನಾ?"

"ಏನಿಲ್ಲ ಬಿಡಿ. ಚೆನ್ನಾಗಿದೆ ಅಂತ ಹೇಳೋಕೆ ಬಂದೆ."

ಅವನು ಸಮಾಧಾನದಿಂದ ಕಾಫಿ ಕುಡಿದ. ಅವಳು ಒಳಗೆ ಹೋಗಿ, ಹಿಂದೆ ಕಿಟಕಿ ಇದ್ದ ಜಾಗದ ಗೋಡೆಗೆ ಒರಗಿದಳು. ತನ್ನ ಮೇಲೆ ತನಗೇ ಸಿಟ್ಟು ಬಂತು. ಒಂದು ಮಾತು, ಅಷ್ಟೇ. ಆ ಒಂದು ಮಾತಿಗೆ ನಾಲಿಗೆ ಏಳಲಿಲ್ಲ.

ಭಾನುವಾರ ತರಕಾರಿ ತಂದು ಚೀಲ ಕೆಳಗಿಡುವಷ್ಟರಲ್ಲಿ ಮೇಲಿನಿಂದ ಅವನು ಕೂಗಿ ಕರೆದ. ಅತ್ತೆ ಬಾಗಿಲಲ್ಲಿ ಕೂತು, ಹೋಗು ಹೋಗು, ಬೆಳಿಗ್ಗೆಯಿಂದ ಸದ್ದೇ ಸದ್ದು, ನಿನಗೆ ತೋರಿಸಬೇಕಂತೆ ಎಂದರು. ಮೆಟ್ಟಿಲ ತಲೆಯಲ್ಲಿ ಕಳಚಿದ ತಗಡುಗಳು ಗೋಡೆಗೆ ಒರಗಿದ್ದವು. ಅವಳಿಗೆ ಅಲ್ಲೇ ಅರ್ಥವಾಯಿತು, ಆದರೂ ಕಾಲು ಮುಂದೆ ನಡೆಯಿತು. ಉಳಿದಿದ್ದ ಅರ್ಧ ಮಾಡಿಗೂ ಅವನು ಡಿಪೋದಿಂದ ಇನ್ನಷ್ಟು ಹಸಿರು ಶೀಟು ತಂದು ಹೊದಿಸಿದ್ದ. ಕೋಣೆಯೊಳಗೆ ಅವನ ಬಿಳಿ ಬನಿಯನ್ನು, ಹಲ್ಲು, ನರೆತ ಕೂದಲು ಎಲ್ಲವೂ ಹಸಿರಾಗಿದ್ದವು.

"ಅರ್ಧ ಕತ್ತಲೆ ಇತ್ತು, ಅದಕ್ಕೇ ನಿನ್ನ ಕಣ್ಣಿಗೆ ಆಯಾಸ ಆಗಿದ್ದು. ನಂಗೇ ಹೊಳೀಲಿಲ್ಲ" ಎಂದ. ಅಷ್ಟೇ ಆಗಿದ್ದರೆ ಅವಳು ಇನ್ನೊಮ್ಮೆ ಚೆನ್ನಾಗಿದೆ ಎಂದು ಹೇಳಿ ಇಳಿದು ಬರುತ್ತಿದ್ದಳು. ಆದರೆ ಮೇಜಿನ ಮೇಲೆ ವಾಪಸ್ಸು ಬಂದ ಡಬ್ಬಿ ತೆರೆದಿತ್ತು. ಅವನು ಒಂದು ಓಲೆಯನ್ನು ಬಟ್ಟೆಯ ತುಂಡಿನ ಮೇಲಿಟ್ಟು ಅವಳ ಮುಂದೆ ಹಿಡಿದ.

"ನೋಡು. ಈ ಬೆಳಕಲ್ಲಿ ನಾನೇ ಇಟ್ಟು ನೋಡ್ದೆ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಆ ಮೇಡಂ ಕಣ್ಣಿಗೇ ಪೊರೆ ಬಂದಿರೋದು. ನೀನೇ ಹೇಳು, ಎರಡೂ ಒಂದೇ ತಾನೆ?"

ಅವಳು ನೋಡಿದಳು.

"ಒಂದೇ" ಎಂದಳು.

ಅವನು ಆಗಲೇ ಗೂಟದಲ್ಲಿದ್ದ ಅಂಗಿ ತೊಟ್ಟುಕೊಳ್ಳುತ್ತಿದ್ದ. ಈಗಲೇ ಹೋಗೋಣ, ಅವರ ಬಾಯಿಂದಲೇ ತಪ್ಪಾಯಿತು ಎಂದು ಹೇಳಿಸುತ್ತೇನೆ, ಊರೆಲ್ಲ ನಿನ್ನ ಕಣ್ಣಿನ ಮಾತಾಡುತ್ತಿದೆಯಲ್ಲ, ಎಲ್ಲರಿಗೂ ತೋರಿಸಿಕೊಂಡೇ ಬರುತ್ತೇನೆ ಎನ್ನುತ್ತ ಗುಂಡಿ ಹಾಕಿಕೊಂಡ. ಬೇಡ ರೀ ಎಂದು ಅವಳು ತೋಳು ಹಿಡಿದಳು. ಆಗಿಹೋದ ಮಾತು ಎಂದಳು, ಬಿಸಿಲು ಎಂದಳು, ಊಟ ಮಾಡಿ ಹೋಗಿ ಎಂದಳು. ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲವನ್ನೂ ಹೇಳಿದಳು. "ಹೆದರ್ಕೋಬೇಡ, ನಾನಿಲ್ವಾ" ಎಂದು ಅವನು ಅವಳ ಕೈಯನ್ನು ಮೆತ್ತಗೆ ಬಿಡಿಸಿ, ಡಬ್ಬಿಯನ್ನು ಕಂಕುಳಿಗೆ ಇರುಕಿಕೊಂಡು, ಬಟ್ಟೆಯನ್ನೂ ಓಲೆಯನ್ನೂ ಒಂದೇ ಅಂಗೈಯಲ್ಲಿ ಹಾಗೇ ಹಿಡಿದು ಬಾಗಿಲು ದಾಟಿದ.

ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟವನು ಅಂಗೈ ನೋಡಿ ನಿಂತ.

ಅವಳು ಕೋಣೆಯೊಳಗೇ ಇದ್ದಳು. ಅವನ ಬೆನ್ನು ಕಾಣುತ್ತಿತ್ತು. ಅವಸರದಲ್ಲಿ ತೊಟ್ಟ ಅಂಗಿಯ ಕಾಲರು ಒಂದು ಕಡೆ ಒಳಗೆ ಮಡಿಸಿಕೊಂಡಿತ್ತು. ಬಿಸಿಲಲ್ಲಿ ಅದು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಓಲೆಯನ್ನು ಎತ್ತಿ ಬಟ್ಟೆಯ ಇನ್ನೊಂದು ತುದಿಗೆ ಇಟ್ಟ. ಮತ್ತೆ ಎತ್ತಿ ಇನ್ನೊಂದು ಕಡೆಗೆ. ತಲೆಯೆತ್ತಿ ಕೋಣೆಯ ಹಸಿರು ಮಾಡನ್ನು ನೋಡಲಿಲ್ಲ, ಅವಳ ಕಡೆಗೂ ತಿರುಗಲಿಲ್ಲ. ಕೆಳಗೆ ಅತ್ತೆ ಯಾರಿಗೋ, ಮೇಲೆ ಹತ್ತಿ ನೋಡಿ ಬನ್ನಿ, ನನ್ನ ಮಗ ಒಬ್ಬನೇ ಕಟ್ಟಿದ್ದು ಎಂದು ಹೇಳುತ್ತಿರುವುದು ಕೇಳಿಸಿತು. ಅವನು ಓಲೆಯನ್ನು ಡಬ್ಬಿಯೊಳಗಿಟ್ಟು, ಮುಚ್ಚಳವನ್ನು ನಾಲ್ಕೂ ಮೂಲೆ ಒತ್ತಿ ಹಾಕಿ, ಬಿಸಿಲಲ್ಲೇ ನಿಂತುಕೊಂಡ.