ಸತ್ತಿ ಪಂಪ್‌ಹೌಸಿನ ನಾಲ್ಕು ದೀಪ

ತೊಟ್ಟಿ ತುಂಬಿ ತುಳುಕುತ್ತಿದ್ದರೂ ಎಂಟು ದೀಪಗಳಲ್ಲಿ ನಾಲ್ಕೇ ಉರಿಯುತ್ತಿದ್ದವು. ಅರ್ಧ ಕೆಟ್ಟದ್ದರಷ್ಟು ತಲೆ ತಿನ್ನುವುದು ಬೇರೊಂದಿಲ್ಲ. ಪೂರ್ತಿ ಸತ್ತಿದ್ದರೆ ಎತ್ತಿ ಹೊರಗಾದರೂ ಇಡಬಹುದಿತ್ತು.

ಚಿಕ್ಕೋಡಿಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ಮಂಗಲ, ಸತ್ತಿ ಊರಿನ ನೀರಾವರಿ ಸಂಘಕ್ಕೆಂದು ಮೂರು ತಿಂಗಳು ಕೂತು ಮಾಡಿದ ಮೈಕ್ರೋಕಂಟ್ರೋಲರ್ ಬೋರ್ಡು ಅದು. ಮೇಲಿನ ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ಒಂದೊಂದೇ ದೀಪ ಹಚ್ಚಿ ಹೊಳೆದಂಡೆಯ ಪಂಪ್‌ಹೌಸಿಗೆ ಹೇಳಬೇಕು; ತುಂಬಿದರೆ ಎಂಟೂ. ತೊಂಬತ್ತೇಳರ ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ ಕೂಡಿಸಿ, ಕರೆಂಟಿಲ್ಲದ್ದಕ್ಕೆ ಹಚ್ಚಿ ನೋಡದೆ ಮನೆಗೆ ಹೋಗಿದ್ದಳು. ಮರುದಿನವೇ ಪಂಪ್ ಆಪರೇಟರ್ ಧರೆಪ್ಪನ ಫೋನು.

"ಮಧ್ಯಾಹ್ನ ಸಾಹೇಬರು ಬರ್ತಾರ್ರಿ," ಎಂದ ಧರೆಪ್ಪ, ಅವಳು ಬಂದೊಡನೆ. "ಎಂಟೂ ಹತ್ತಲಿಲ್ಲಂದ್ರ ಬಿಚ್ಚಿ ಕಳಸು, ಕೊಲ್ಲಾಪುರದಿಂದ ತರಸೂಣು ಅಂದಾರ."

ಸಾಹೇಬರೆಂದರೆ ಸಂಘದ ಅಧ್ಯಕ್ಷ ರಾವಸಾಹೇಬರು. ಹೆಣ್ಣುಮಗಳಿಗೆ ಯಾಕೆ ಈ ಕೆಲಸ ಎಂದು ಸಭೆಯೆಲ್ಲ ಅಂದಾಗ, ನೋಡೋಣ ಎಂದವರು ಅವರೊಬ್ಬರೇ. ಬೋರ್ಡು ವಾಪಸು ಹೋದರೆ ಈ ಸೀಮೆಯಲ್ಲಿ ಅವಳಿಗೆ ಇನ್ನು ಟೀವಿಯೇ ಗತಿ. ಮಂಗಲಳಿಗೆ ಹೆದರಿಕೆಯಾಗಿತ್ತು, ಹೆದರಿದ್ದಕ್ಕೇ ಸಿಟ್ಟೂ ಬಂದಿತ್ತು.

ಉರಿಯದ ಒಂದು ದೀಪದ ಕಾಲಿಗೆ ನೇರವಾಗಿ ಗ್ರೌಂಡ್ ತಂತಿ ಮುಟ್ಟಿಸಿದಳು. ಝಗ್ಗನೆ ಹತ್ತಿತು. ದೀಪದ ತಪ್ಪಲ್ಲ. ಚಿಪ್‌ನ ಕಾಲಿಗೆ ಮೀಟರಿನ ಕಡ್ಡಿ ಹಿಡಿದಳು. ವೋಲ್ಟೇಜು ಸೊನ್ನೆಗೆ ಇಳಿಯುತ್ತಿತ್ತು. ಅಂದರೆ ಚಿಪ್ ಉರಿ ಎನ್ನುತ್ತಿತ್ತು. ಬೋರ್ಡಿನ ಅಡಿಯಲ್ಲಿ ಅದೇ ಕಾಲಿನ ಬೆಸುಗೆಗೆ ಹಿಡಿದರೆ ಇಳಿಯುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗಾಯಿತು. ನಡುವೆ ಇದ್ದದ್ದು ಚಿಪ್ ಕೂರುವ ಸಾಕೆಟ್ ಒಂದೇ.

ಚಿಪ್ ಎಬ್ಬಿಸಿ ನೋಡಿದಳು. ಸಾಕೆಟ್ಟಿನ ಮೊದಲ ನಾಲ್ಕು ತೂತುಗಳಲ್ಲಿ ಹಳದಿ ಬಣ್ಣದ್ದೇನೋ ಗಟ್ಟಿಯಾಗಿತ್ತು. ಮೂಸಿದಳು. ಗಂಧ.

"ಧರೆಪ್ಪಣ್ಣಾ, ನಿನ್ನೆ ನಾ ತೊಟ್ಟಿ ಕಡೆ ಹೋದಾಗ ಇದಕ್ಕ ಪೂಜಾ ಮಾಡಿದವರು ಯಾರು?"

ಧರೆಪ್ಪ ಹೊಳೆಯ ಕಡೆ ಮುಖ ತಿರುಗಿಸಿದ. "ಸಾಹೇಬರ ಮಾಡ್ಯಾರ್ರಿ. ಖಾಲಿ ಮನಿಗೆ ಮೊದಲ ಪೂಜಾ, ಆಮ್ಯಾಲ ಮಂದಿ ಒಳಗ ಅಂತ, ಚಿಪ್ ಕೂಡೂ ಜಾಗಕ್ಕ ಗಂಧ ಹಚ್ಚಿದ್ರು. ಚಿಪ್ ಕೂಡಸೂ ಮುಂದ ಮ್ಯಾಲಿಂದ ನೀವ ಒರಸಿದ್ರಲ್ಲ."

ಒರೆಸಿದ್ದಳು, ತೂತಿನೊಳಗೆ ನೋಡಿರಲಿಲ್ಲ. ಹಣೆ ಹಣೆ ಬಡಿದುಕೊಳ್ಳಬೇಕೆನ್ನಿಸಿತು. ಸೂಜಿಯಿಂದ ಕೆರೆದು, ಸ್ಪಿರಿಟ್‌ನಿಂದ ತೊಳೆದು, ಒಣಗಿಸಿ ಚಿಪ್ ಒತ್ತಿದಳು. ಎಂಟೂ ಹತ್ತಿದವು.

ರಾವಸಾಹೇಬರು ಬಂದವರೇ ದೀಪ ಎಣಿಸಿದರು. "ಏನಾಗಿತ್ತವಾ?"

ಏನೋ ಸಡಿಲಾಗಿತ್ತು ಎಂದಿದ್ದರೆ ಮುಗಿಯುತ್ತಿತ್ತು. ಧರೆಪ್ಪ ಕಣ್ಣಲ್ಲೇ ಹಾಗೆನ್ನಲು ಹೇಳುತ್ತಿದ್ದ. ಆದರೆ ತನ್ನ ಬೋರ್ಡಿನ ಮೇಲೆ ಇಲ್ಲದ ತಪ್ಪು ಹೊರಿಸಲು ಮಂಗಲಳಿಗೆ ಬಾಯಿ ಬರಲಿಲ್ಲ.

"ನಿಮ್ಮ ಗಂಧರಿ, ಕಾಕಾ. ತೂತಿನ್ಯಾಗ ಒಣಗಿ ಕರೆಂಟ್ ತಡದಿತ್ತು. ಒರಸಿದಾಕಿ ನಾನ, ಒಳಗ ನೋಡಲಿಲ್ಲ."

ರಾವಸಾಹೇಬರು ಗಂಧ ಹಚ್ಚಿದ ಬೆರಳನ್ನು ತಿರುಗಿಸಿ ನೋಡಿಕೊಂಡರು.

"ಇನ್ನೂ ಎರಡು ಪಂಪ್‌ಹೌಸ್ ಅದಾವ," ಎಂದರು. "ಅವಕ್ಕೂ ನೀನ ಮಾಡು. ಅಲ್ಲಿ ಪೂಜಾನೂ ನೀನ ಮಾಡು."