ಅನಂತರಾಜುವಿನ ಹನ್ನೆರಡು ವರ್ಷದ ಕೂದಲು

ಒಂದಕ್ಷರ ಸುಳ್ಳಿಲ್ಲದ ಕತೆ ಇದು. ಸುಳ್ಳು ಹೇಳಿದವನು ಮುಬಶ್ಶಿರ್ ಒಬ್ಬನೇ.

ರಾಮನಗರದಲ್ಲಿ ಅವನ ಅಪ್ಪನದು ರೇಷ್ಮೆ ನೂಲು ತೆಗೆಯುವ ಶೆಡ್. ಯಂತ್ರಗಳು ಓಡುವಷ್ಟು ಹೊತ್ತು ಹಿಂದಿನ ಕೋಣೆಯಲ್ಲಿ ‘ಕರಿಕಬ್ಬಿಣ’ ಬ್ಯಾಂಡ್ ನುಡಿಸುತ್ತಿತ್ತು. ಯಂತ್ರ ನಿಂತರೆ ಬೀದಿಯವರ ಬೈಗುಳ ಶುರು. ಹಳೇ ಹೆವಿ ಮೆಟಲ್ ರಾಕಿನ ಗತ್ತು, ಅದರ ಮರಿಗಳಾದ ಥ್ರ್ಯಾಷಿನ ಓಟ, ಬ್ಲ್ಯಾಕ್ ಮೆಟಲ್ಲಿನ ಚೀತ್ಕಾರ, ಎಲ್ಲವೂ ಒಂದೇ ಹಂಡೆಯಲ್ಲಿ. ಡ್ರಮ್ಸಿಗೆ ಶರೀಫ್, ಕಿರುಚುವುದಕ್ಕೆ ಮುಬಶ್ಶಿರ್, ಗಿಟಾರಿಗೆ ಬೈರಮಂಗಲದ ಅನಂತರಾಜು. ಹನ್ನೆರಡು ವರ್ಷದಲ್ಲಿ ನಾಲ್ಕು ಕಾರ್ಯಕ್ರಮ. ನಾಲ್ಕರಲ್ಲೂ ಕೇಳುಗರಿಗಿಂತ ಕುರ್ಚಿಗಳೇ ಜಾಸ್ತಿ.

“ಹಾರೋಹಳ್ಳಿ ಫ್ಯಾಕ್ಟ್ರೀಲಿ ಪರ್ಮನೆಂಟ್ ಕೆಲ್ಸ ಕೊಟ್ಟವ್ರೆ ಕಣ್ಲಾ,” ಎಂದ ಅನಂತರಾಜು ಆ ಶನಿವಾರ. “ಸೋಮವಾರ ಹಾಜ್ರಾಗ್ಬೇಕು. ಕೂದ್ಲು ಕತ್ತರ್ಸ್ಕೊಂಡ್ ಬಾ ಅಂದವ್ರೆ. ಮಿಶಿನ್‌ಗೆ ಸಿಕ್ಕಾಕೊಂತದಂತೆ.”

“ಬ್ಯಾಂಡ್ ಕಟ್ದಾಗಿಂದ ಸೊಂಟದ್ ಗಂಟ ಬುಟ್ಟಿರೋದ್ನ?” ಶರೀಫ್ ಬಾಯಿಬಿಟ್ಟ.

“ಶ್ವೇತ ಐದ್ ತಿಂಗಳ ಬಸ್ರಿ. ಹೆಂಡ್ತಿಗೆ ಕೂದ್ಲು ಬಡ್ಸಕಾಯ್ತದಾ?”

ಮುಬಶ್ಶಿರ್‌ಗೆ ಯಾರ ದನಿ ಬೇಕಾದರೂ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಯಾರದೋ ಫೋನಿನಿಂದ, ಮೂಗಿನಲ್ಲಿ ಮಾತಾಡುವ, ಬೆಂಗಳೂರಿನ ರಾಕ್ ಕಾರ್ಯಕ್ರಮದ ಆಯೋಜಕನಾದ. “ಅನಂತರಾಜು ಅವ್ರಾ? ನಿಮ್ಮ ಬ್ಯಾಂಡಿಗೆ ನಲವತ್ತು ನಿಮಿಷ ಕೊಟ್ಟಿದೀವಿ. ಆ ಕೂದಲಿಗೆ ಮಾತ್ರ ಕತ್ತರಿ ಹಾಕ್ಬೇಡಿ ಸಾರ್, ಪೋಸ್ಟರ್ ತುಂಬಾ ಅದೇ!” ಪಕ್ಕದಲ್ಲಿ ಶರೀಫ್ ಬಾಯಿಗೆ ಟವೆಲ್ ತುರುಕಿಕೊಂಡಿದ್ದ.

ಸಂಜೆ ಶೆಡ್ಡಿಗೆ ಬಂದೇ ಬರುತ್ತಾನೆ, ಒಸಿ ಕುಣಿಸಿ ನಿಜ ಹೇಳಿದರಾಯಿತು ಎಂದುಕೊಂಡಿದ್ದರು. ಬರಲಿಲ್ಲ. ಫೋನ್ ಸ್ವಿಚಾಫ್. ಬೈರಮಂಗಲಕ್ಕೆ ಹೋಗಿ ಹೇಳಿಬಿಡೋಣವೆಂದು ಮುಬಶ್ಶಿರ್ ಗಾಡಿಯ ಕೀಲಿ ಕೈಗೆತ್ತಿಕೊಂಡ. ಅಷ್ಟು ಸುಲಭಕ್ಕೆ ಅವನು ನಂಬಿರಲಾರ ಎಂದು ಮತ್ತೆ ಮೊಳೆಗೆ ತೂಗುಹಾಕಿದ.

ಸೋಮವಾರ ಮಧ್ಯಾಹ್ನ ಅನಂತರಾಜು ಬಂದ. ಎಣ್ಣೆ ಹಚ್ಚಿ ಬಾಚಿದ ಕೂದಲು ಬೆನ್ನ ತುಂಬ ಹರಡಿತ್ತು.

“ಫ್ಯಾಕ್ಟ್ರಿ?” ಎಂದ ಶರೀಫ್.

“ಕತ್ತರ್ಸಾಕಿಲ್ಲ, ಕೆಲ್ಸ ಬ್ಯಾಡ ಅಂತ ಬರ್ಕೊಟ್ ಬಂದ್ಬುಟ್ಟೆ. ನಿಮ್ಗೆ ಎದುರ್‌ಗೇ ಹೇಳಾನ ಅಂತ ಫೋನ್ ಆಫ್ ಮಾಡ್ಕಂಡಿದ್ದೆ. ಬೆಂಗ್ಳೂರಲ್ಲಿ ನಮ್ಗೆ ನಲವತ್ ನಿಮ್ಷ ಕಣ್ರಲಾ!”

ಮುಬಶ್ಶಿರ್ ಬಾಯಿ ತೆರೆದ. ಸ್ವಂತ ದನಿ ಹೊರಡಲಿಲ್ಲ. ಹೊರಟಿದ್ದು ಆ ಮೂಗಿನ ದನಿ: “ಅನಂತರಾಜು ಅವ್ರಾ…”

ಅನಂತರಾಜು ಆ ದನಿಯ ಗುರುತು ಹಿಡಿದ. ಮುಬಶ್ಶಿರ್ ಮೊಳೆಯಿಂದ ಕೀಲಿ ಎಳೆದುಕೊಂಡ.

“ನಡಿಯಲಾ, ಗಾಡಿ ತೆಗೀತೀನಿ. ಬರ್ಕೊಟ್ಟಿದ್ನ ಈಸ್ಕಂಡ್ ಬರಾನ.”

“ನನ್ ಜಾಗ್ಕೆ ನನ್ನೆದ್ರುಗೇ ಇನ್ನೊಬ್ಬನ್ನ ಕರ್ಕಂಡ್ರು ಕಣೋ.”

ಶರೀಫ್‌ಗೆ ಹೆದರಿಕೆಗೋ ಏನೋ ಕಿಸಕ್ಕೆಂದು ನಗು ಬಂತು. ಏನು ಮಾಡಬೇಕೆಂದು ತಿಳಿಯದೆ ಮುಬಶ್ಶಿರನೂ ನಕ್ಕ. ಆಮೇಲೆ ಅನಂತರಾಜು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು, ಕೂದಲೆಲ್ಲ ಮುಖಕ್ಕೆ ಬಿದ್ದು, ನೆಲದ ಮೇಲೆ ಕುಸಿದು ನಕ್ಕ. “ಎಂಥಾ ದನಿ ತೆಗ್ದೆ ಕಣೋ! ಇನ್ನೊಂದ್ಸಲ ಮಾಡ್ಲಾ, ಇನ್ನೊಂದೇ ಸಲ!”

ಅವರಿಬ್ಬರೂ ನಗು ನಿಲ್ಲಿಸಿದ ಎಷ್ಟೋ ಹೊತ್ತಿನ ಮೇಲೂ ಅವನು ನಗುತ್ತಲೇ ಇದ್ದ.