ಎಡಗಡೆಯ ಸೀಟು

ಮಧುಗಿರಿಯ ಕಡಲೆಕಾಯಿ ಮಂಡಿಯ ನಾಗಲಿಂಗಯ್ಯ ಹಿತ್ತಲ ಕೊಟ್ಟಿಗೆಯಿಂದ ಎಮ್ಮೆಯನ್ನು ಎಬ್ಬಿಸಿ ಹುಣಸೆ ಮರಕ್ಕೆ ಕಟ್ಟಿ, ಅದರ ಜಾಗದಲ್ಲಿ ಕಾರು ನಿಲ್ಲಿಸಿದ್ದು ಎಪ್ಪತ್ತೆರಡನೇ ಇಸವಿಯಲ್ಲಿ. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಬ್ರಿಟಿಷರ ಕಾಲದ ರೇಸಿನ ಕಾರು ಅದು. ಬೆಂಗಳೂರಿನಲ್ಲಿ ಯಾರೋ ಶ್ರೀಮಂತರ ಮಗ ಓಡಿಸಿ ಬೇಸತ್ತು ಬಿಟ್ಟಿದ್ದನ್ನು ಇವನು ಕಡಲೆಕಾಯಿ ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದ. ಎಮ್ಮೆ ಆ ಅವಮಾನವನ್ನು ಮರೆಯಲಿಲ್ಲ. ಹಾಲು ಕಡಿಮೆ ಮಾಡಿತು, ಮನೆಯಲ್ಲಿ ಕಾಫಿ ತೆಳ್ಳಗಾಯಿತು.

ಕಾರು ಬೇಕಾಗಿದ್ದು ಹೆಂಡತಿ ಕರಿಬಸಮ್ಮನಿಗಾಗಿ. ಅವಳಿಗೆ ಬಸ್ಸು ಆಗುತ್ತಿರಲಿಲ್ಲ. ತಂಗಿ ಸರೋಜಮ್ಮನ ಮನೆ ಇದ್ದದ್ದು ಶಿರಾದಲ್ಲಿ. ಬಸ್ಸು ಬಡವನಹಳ್ಳಿ ಮುಟ್ಟುವ ಮೊದಲೇ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದಳು, ಹಿಂದಿನ ಸೀಟಿನವರು ತಮ್ಮ ಕಿಟಕಿ ಮುಚ್ಚುತ್ತಿದ್ದರು. ಮುಖಕ್ಕೆ ಗಾಳಿ ಬೀಸುವ ತೆರೆದ ಕಾರಿನಲ್ಲಿ ಅವಳನ್ನು ತನ್ನ ಎಡಗಡೆ ಕೂರಿಸಿಕೊಂಡು ಶಿರಾಕ್ಕೆ ಹೋಗಬೇಕೆಂಬುದು ನಾಗಲಿಂಗಯ್ಯನ ಆಸೆ. ಮಂಡಿಯಲ್ಲಿ ಬಾಯಿಬಡುಕನೆಂದು ಹೆಸರಾದ ಮನುಷ್ಯ. ಹೆಂಡತಿಯೆಂದರೆ ಪ್ರಾಣ, ಆದರೆ ಅದನ್ನು ಹೇಳಲು ಬಾಯಿ ಬರದೆ ಸ್ಪ್ಯಾನರ್ ಹಿಡಿದಿದ್ದ.

ಇಂಗ್ಲೆಂಡಿನ ಸಾಮಾನು ಮಧುಗಿರಿಯಲ್ಲಿ ಎಲ್ಲಿ ಸಿಗಬೇಕು? ಕಾರ್ಬೊರೇಟರ್ ಅಂಬಾಸಿಡರ್ ಕಾರಿನದಾಯಿತು, ರೇಡಿಯೇಟರ್ ಪೈಪು ಪಂಪ್‌ಸೆಟ್ಟಿನದು, ಮುಂದಿನ ದೀಪಗಳು ಟ್ರ್ಯಾಕ್ಟರಿನವು. ಕೊರಟಗೆರೆಯ ವೆಲ್ಡಿಂಗ್ ಅಂಗಡಿಯವನು ಹೊಸ ಸೈಲೆನ್ಸರ್ ಮಾಡಿಕೊಟ್ಟ. ಅದು ಸದ್ದನ್ನು ಕಡಿಮೆ ಮಾಡಲಿಲ್ಲ, ಬೇರೆ ಥರ ಮಾಡಿತು. ಸೆಲ್ಫ್ ಮಾತ್ರ ಏನು ಮಾಡಿದರೂ ಹೊಡೆಯಲಿಲ್ಲ, ತಳ್ಳಿಯೇ ಸ್ಟಾರ್ಟ್ ಮಾಡಬೇಕಿತ್ತು. ಹೀಗೆ ವರ್ಷಗಳು ಹೋದವು. ಕರಿಬಸಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ನೋಡಿದಳು, ಕಾರಿನ ಹತ್ತಿರ ಮಾತ್ರ ಸುಳಿಯಲಿಲ್ಲ.

"ಸೀಟು ದನದ ಚರ್ಮದ್ದು ಕಣ್ರೀ. ಕೊರಳಾಗೆ ಲಿಂಗ ಕಟ್ಕಂಡು ಅದ್ರ ಮೇಲೆ ಹೆಂಗೆ ಕೂರ್ಲಿ?" ಎಂದಳು.

ನಾಗಲಿಂಗಯ್ಯ ಚರ್ಮ ಕಿತ್ತು ರೆಕ್ಸಿನ್ ಹಾಕಿಸಿದ. ಅವಳು ಬಗ್ಗಿ ನೋಡಿ, "ಇದೂ ಅಂಗೇ ಹೊಳೀತೈತಲ್ಲ" ಎಂದು ಒಳಗೆ ಹೋದಳು. ವಾದಿಸಿ ಗೆದ್ದ ಅಭ್ಯಾಸ ಅವನಿಗೆ ಮನೆಯಲ್ಲಿ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಕ್ಯಾತಪ್ಪ. ಬಡವನಹಳ್ಳಿ ದಾರಿಯ ಗೊಲ್ಲರಹಟ್ಟಿಯವನು, ಕುರಿ ಸಾಕಿದವನು, ಮಂಡಿಗೆ ಕಡಲೆಕಾಯಿ ಹಾಕುವ ಹಳೆಯ ಗಿರಾಕಿ. ಒಂದು ಹಳೇ ಕಂಬಳಿ, ಒಂದು ಹೊಸ ಕರಿ ಕಂಬಳಿ ತಂದುಕೊಟ್ಟ. "ಕತ್ರಿ ಹಾಕಿದ್ರೆ ಅದು ಬಟ್ಟೆ ಸಾವ್ಕಾರ್ರೇ. ಇಡಿಯಾಗಿದ್ರೆ ಕಂಬ್ಳಿ" ಎಂದು ಹೇಳಿ ಟೀ ಕುಡಿಯಲು ಹೋದ. ನಾಗಲಿಂಗಯ್ಯ ಹಳೆಯದನ್ನು ಕತ್ತರಿಸಿ ತನ್ನ ಸೀಟಿಗೆ ಹೊಲಿದುಕೊಂಡ. ಹೆಂಡತಿಯ ಸೀಟಿಗೆ ಕತ್ತರಿ ತಾಗಿಸಲು ಮನಸ್ಸು ಬರಲಿಲ್ಲ. ಹೊಸ ಕಂಬಳಿಯನ್ನು ಇಡಿಯಾಗಿ, ಮಡಿಕೆಯ ಮೇಲೆ ಮಡಿಕೆ ಹಾಕಿ, ಮೆತ್ತಗೆ ಕೂರಿಸಿದ.

ಕರಿಬಸಮ್ಮ ಕೈಯಾಡಿಸಿ ನೋಡಿದಳು. "ಇದ್ರ ಮೇಲೆ ಕೂರಬೌದು. ಸೋಮವಾರ ಸರೋಜನ ಮನೆಗೆ ಹೋಗಣ" ಎಂದಳು. ನಾಗಲಿಂಗಯ್ಯ ಕೊಟ್ಟಿಗೆಯ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದ. ಎಮ್ಮೆ ಅವನನ್ನೇ ನೋಡಿತು.

ಭಾನುವಾರ ಬೆಳಿಗ್ಗೆ, ದಾರಿಯಲ್ಲಿ ಕೈಕೊಡದಿರಲಿ ಎಂದು, ಒಬ್ಬನೇ ಬಡವನಹಳ್ಳಿಯವರೆಗೆ ಓಡಿಸಿ ನೋಡಲು ಹೊರಟ. ಕ್ಯಾತಪ್ಪನ ಹಟ್ಟಿಗೆ ಮೈಲಿಯಷ್ಟು ಇರುವಾಗ ರಸ್ತೆಯಲ್ಲಿ ಜನ ನಿಂತಿದ್ದರು. ಹಟ್ಟಿಯ ದೇವರಿಗೆ ಬಾವಿಯ ಹತ್ತಿರ ಗಂಗೆಪೂಜೆ ಮಾಡಿಸಿಕೊಂಡು ಹಿಂದಿರುಗುತ್ತಿದ್ದವರು. ದೇವರ ಪೆಟ್ಟಿಗೆ ಹೊತ್ತ ಪೂಜಾರಿ ಮೂಡಲಗಿರಿಯಪ್ಪನ ಬರಿಗಾಲಿಗೆ ಜಾಲಿಮುಳ್ಳು ನೆಟ್ಟು ಮುರಿದಿತ್ತು. ಉಪವಾಸವಿದ್ದವನು ಅವನೊಬ್ಬನೇ ಆದ್ದರಿಂದ ಬೇರೆಯವರು ಹೊರುವಂತಿಲ್ಲ, ಪೆಟ್ಟಿಗೆಯನ್ನು ನೆಲಕ್ಕೆ ಇಳಿಸುವಂತಿಲ್ಲ. ಅವನು ಒಂಟಿಕಾಲಲ್ಲಿ ನಿಂತಿದ್ದ, ಉಳಿದವರು ಅವನನ್ನು ಹಿಡಿದುಕೊಂಡಿದ್ದರು.

ಕ್ಯಾತಪ್ಪ ಕಾರಿನೊಳಗೆ ಇಣುಕಿದ. "ಸಾವ್ಕಾರ್ರೇ, ಕಂಬ್ಳಿ ಇಡೀದೇ ಹಾಕಿದ್ದೀರಾ?"

"ಇಡೀದೇ. ಕತ್ರಿ ಮುಟ್ಸಿಲ್ಲ" ಎಂದ ನಾಗಲಿಂಗಯ್ಯ, ತನ್ನ ಕೆಲಸವನ್ನು ಯಾರೋ ಮೆಚ್ಚಿದರೆಂದು ಹಿಗ್ಗಿ.

"ಅಂಗಾರೆ ದೇವ್ರುನ್ನ ಕೂರ್ಸಬೌದಾ?"

"ಅದಕ್ಕೇನು, ಕೂರ್ಸಿ."

ದೇವರು ಎಡಗಡೆಯ ಸೀಟಿನಲ್ಲಿ ಕೂತಿತು. ಮುಂದೆ ಡೋಲು, ಹಿಂದೆ ಜನ, ನಡುವೆ ರೇಸಿನ ಕಾರು ನಡಿಗೆಯ ವೇಗದಲ್ಲಿ ಹೊಗೆಯಾಡುತ್ತಾ ಹಟ್ಟಿ ಸೇರಿತು. ಪೆಟ್ಟಿಗೆಯನ್ನು ಗುಡಿಗೆ ಇಳಿಸಿಕೊಂಡ ಮೇಲೆ ಚಕ್ರದ ಮುಂದೆ ಕಾಯಿ ಒಡೆದರು. ಸೀಟಿನ ಮೇಲೆ ಹೂವಿಟ್ಟು ವಿಭೂತಿ ಹಚ್ಚಿದರು.

"ಇನ್ನು ಇದ್ರ ಮ್ಯಾಲೆ ಯಾರೂ ಕೂರಂಗಿಲ್ಲ ಸಾವ್ಕಾರ್ರೇ. ಗದ್ದುಗೆ ಆತು" ಎಂದ ಕ್ಯಾತಪ್ಪ.

ನಾಗಲಿಂಗಯ್ಯ ಇಳಿದು ಎಡಗಡೆಗೆ ಓಡಿ ಬಂದ. "ನಾಳೆ ನನ್ನ ಹೆಂಡ್ತಿ ಕೂರ್ಬೇಕು ಕಣೋ."

"ಇಡೀ ಕಂಬ್ಳಿ ಹಾಕ್ಬುಟ್ಟಿದ್ದೀರಲ್ಲ. ಕತ್ರಿ ಹಾಕಿದ್ರೆ ನಾವ್ಯಾಕೆ ದೇವ್ರುನ್ನ ಕೂರುಸ್ತಿದ್ವಿ?"

"ಇದನ್ನ ತೆಗ್ದು ಬೇರೆ ಹಾಕ್ತೀನಿ ಬಿಡು."

"ಹಾಕಿ. ಕಂಬ್ಳಿ ಹೋಯ್ತದೆ, ಜಾಗ ಎಲ್ಲಿಗೋಯ್ತದೆ?"

ನಾಗಲಿಂಗಯ್ಯ ಹೂವು ಕದಲದಂತೆ ಮೆಲ್ಲಗೆ ಕಾರು ತಿರುಗಿಸಿದ. ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕರಿಬಸಮ್ಮ ಸೀಟಿಗೆ ಕೈಮುಗಿದಳು. "ದೇವ್ರು ಕೂತ ಜಾಗದಾಗೆ ನಾನು ಕೂರ್ಲಾ?" ಎಂದಳು, ಅಷ್ಟೆ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಬಸ್ಸಿನಲ್ಲಿ ಹೋದರು. ಕಿಟಕಿಯಾಚೆ ಬಾಗಿದ ಹೆಂಡತಿಯ ಬೆನ್ನು ಸವರುತ್ತಾ ನಾಗಲಿಂಗಯ್ಯ ಕೂತಿದ್ದ. ಇಷ್ಟು ವರ್ಷ ಅವಳಿಗೆಂದೇ ಕಾದಿಟ್ಟ ಜಾಗವನ್ನು ಅವಳು ಕೂರುವ ಹಿಂದಿನ ದಿನ ತಾನೇ ಬಿಟ್ಟುಕೊಟ್ಟುಬಿಟ್ಟಿದ್ದ, ಅದೂ ಜಂಬದಿಂದ.

ಆಮೇಲೆ ಅವನು ಕೊಟ್ಟಿಗೆಗೆ ಹೋಗುವುದನ್ನೇ ಬಿಟ್ಟ. ಕರಿಬಸಮ್ಮ ಮಾತ್ರ ದಿನಾ ಬೆಳಿಗ್ಗೆ ಎಡಗಡೆಯ ಸೀಟಿಗೆ ಊದುಗಡ್ಡಿ ಬೆಳಗಿ ಬರುತ್ತಿದ್ದಳು. ಒಂದು ದಿನ ಊದುಗಡ್ಡಿ ಸಿಕ್ಕಿಸಿದವಳು ಅಲ್ಲೇ ನಿಂತು ಕರೆದಳು.

"ರೀ, ನಿಮ್ಮ ಸೀಟಿಗೆ ಕತ್ರಿ ಹಾಕಿದ್ರಲ್ವಾ?"

"ಹಾಕಿದ್ದೆ."

"ಅಂಗಾರೆ ಅದು ಬರೀ ಬಟ್ಟೆ."

ಬಾಗಿಲು ತೆಗೆದು, ಸೆರಗು ಸಿಕ್ಕಿಸಿಕೊಂಡು, ಸ್ಟೇರಿಂಗಿನ ಮುಂದೆ ಕೂತಳು. "ತಳ್ಳಿ" ಎಂದಳು.

ಬೇಸಿಗೆಯೆಲ್ಲ ಒಣಗಿದ ಕೆರೆಯಂಗಳದಲ್ಲಿ ಕಲಿತಳು. ನಾಗಲಿಂಗಯ್ಯ ತಳ್ಳಿ, ಪಕ್ಕದಲ್ಲೇ ಓಡುತ್ತಾ, ಕ್ಲಚ್ಚು, ಬ್ರೇಕು ಎಂದು ಕೂಗಿ ಗಂಟಲು ಹರಿದುಕೊಂಡ. ಅವಳು ಒಂದು ಸಲವೂ ಗಾಬರಿಯಾಗಲಿಲ್ಲ. ನೋಡಲು ಬಂದಿದ್ದ ಊರಿನವರು, ಏನೂ ಅನಾಹುತ ಆಗದ್ದರಿಂದ ಬೇಜಾರಾಗಿ ಮನೆಗೆ ಹೋದರು. ಲೈಸೆನ್ಸೂ ಬಂತು.

ಶಿರಾಕ್ಕೆ ಹೊರಟ ದಿನ ತಾನು ಎಲ್ಲಿ ಕೂರುವುದು ಎಂಬ ಪ್ರಶ್ನೆ ನಾಗಲಿಂಗಯ್ಯನಿಗೆ ಮೊದಲ ಸಲ ಹೊಳೆಯಿತು. ಸೀಟುಗಳ ಹಿಂದೆ ಸೂಟ್‌ಕೇಸು ಇಡುವಷ್ಟು ಜಾಗವಿತ್ತು. ಕಾರು ತಳ್ಳಿ, ಸ್ಟಾರ್ಟ್ ಆದೊಡನೆ ಹಾರಿ, ಮಂಡಿ ಮಡಿಚಿಕೊಂಡು ಅಲ್ಲಿ ತೂರಿಕೊಂಡ. ಹಟ್ಟಿಯ ಹತ್ತಿರ ಕ್ಯಾತಪ್ಪ ಎಕ್ಕಡ ಬಿಟ್ಟು ಎಡಗಡೆಯ ಸೀಟಿಗೆ ಕೈಮುಗಿದ.

"ಸಾವ್ಕಾರ್ರು ಎಲ್ಲವ್ವಾ?" ಎಂದ.

"ಹಿಂದ್ಗಡೆ ಅವ್ರೆ" ಎಂದಳು ಕರಿಬಸಮ್ಮ.

ಆಮೇಲಿನ ರಸ್ತೆ ನೇರವಾಗಿತ್ತು. ಅವಳು ವೇಗ ಹೆಚ್ಚಿಸಿದಳು. ಜಡೆಯ ಮಲ್ಲಿಗೆ ಹಾರಿ ನಾಗಲಿಂಗಯ್ಯನ ಮುಖಕ್ಕೆ ಬಡಿಯುತ್ತಿತ್ತು. ಅವಳು ಸುಸ್ತಾಗಿರಲಿಲ್ಲ, ಮುಖ ಬಾಡಿರಲಿಲ್ಲ, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಮುಂದೆ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಇಷ್ಟು ಚೆನ್ನಾಗಿ ಕಂಡದ್ದು ಅವನಿಗೆ ನೆನಪಿರಲಿಲ್ಲ. ಖುಷಿಗೆ ಏನಾದರೂ ಹೇಳಬೇಕೆನಿಸಿತು.

"ಕರಿಬಸೀ, ಹೆಂಗೈತೆ ಕಾರು?" ಎಂದು ಕೂಗಿದ.

ಅವಳು ತಿರುಗಿ ನೋಡಲಿಲ್ಲ. "ಮೂರನೇ ಗೇರು ಒಸಿ ಬಿಗಿ ಐತೆ. ಮನೆಗೆ ಹೋದ್ಮೇಲೆ ನೋಡಿ" ಎಂದಳು.

ನಾಗಲಿಂಗಯ್ಯ ಆಗಲಿ ಎಂದ.